ಬೇಸಿಗೆಗೆ ಯಾವ ಡೈಪರ್? ಮೊದಲು ಗಡಿಯಾರ ನೋಡಿ

ಪ್ರಶ್ನೆ: ನಮ್ಮ ತಂದೆಗೆ 78 ವರ್ಷ. ಪಾರ್ಕಿನ್ಸನ್ಸ್ (ಕೈಕಾಲು ನಡುಗಿ, ನಡಿಗೆ ನಿಧಾನವಾಗುವ ನರರೋಗ) ಇದೆ. ಕೈ ಹಿಡಿದರೆ ನಿಧಾನಕ್ಕೆ ನಡೆಯುತ್ತಾರೆ. ಆದರೆ ಬಾತ್‌ರೂಮ್ ತಲುಪುವಷ್ಟರಲ್ಲಿ ಮೂತ್ರ ಹೋಗಿಬಿಡುತ್ತೆ. ಒಂದು ವರ್ಷದಿಂದ ಡೈಪರ್ ಹಾಕುತ್ತಿದ್ದೇವೆ. ನಮ್ಮದು ಬೆಂಗಳೂರಿನ ಹನುಮಂತನಗರದಲ್ಲಿ ಮೂರನೇ ಮಹಡಿ, ಮೇಲೆ ಬರೀ ತಾರಸಿ. ಮಾರ್ಚ್ ಬಂದಾಗಿನಿಂದ ಮಧ್ಯಾಹ್ನವಾದರೆ "ಉರಿ, ಉರಿ" ಅಂತ ಡೈಪರ್ ಕಿತ್ತು ಹಾಕುತ್ತಾರೆ. ತೊಡೆಸಂದು ಕೆಂಪಗಾಗಿದೆ. 12 ಗಂಟೆ ಬರುತ್ತೆ ಅಂತ ದುಬಾರಿ ಡೈಪರ್ ತಂದೆವು, ಏನೂ ಬದಲಾಗಲಿಲ್ಲ. ಪ್ಯಾಕ್ ಮೇಲೆ "ಬ್ರೀದಬಲ್" (ಗಾಳಿಯಾಡುವ) ಅಂತ ಇರುವುದನ್ನು ತಂದರೆ ಸರಿಹೋಗುತ್ತಾ? ನಾನು ಕೆಲಸಕ್ಕೆ ಹೋಗುತ್ತೇನೆ. ಹಗಲು ಅಮ್ಮ ಒಬ್ಬರೇ ನೋಡಿಕೊಳ್ಳುತ್ತಾರೆ.

ಉತ್ತರ: ತಂದೆಯವರು ಕಿತ್ತು ಹಾಕುವುದನ್ನು ಹಟ ಅಂದುಕೊಳ್ಳಬೇಡಿ. ಒಳಗೆ ಏನಾಗುತ್ತಿದೆ ಅಂತ ಅವರಿಗೆ ಗೊತ್ತಾದಷ್ಟು ನಮಗೆ ಗೊತ್ತಾಗಲ್ಲ. ನಾನು ನರ್ಸ್ ಕೆಲಸಕ್ಕೆ ಸೇರಿ 26 ವರ್ಷ ಆಯ್ತು. ಈಗ ಮನೆಗಳಿಗೇ ಹೋಗಿ ಹಾಸಿಗೆ ಹಿಡಿದವರ ಗಾಯ, ಡೈಪರ್, ಕ್ಯಾತಿಟರ್ (ಮೂತ್ರದ ಕೊಳವೆ) ನೋಡಿಕೊಳ್ಳುತ್ತೇನೆ. ಪ್ರತಿ ವರ್ಷ ಯುಗಾದಿ ಹೊತ್ತಿಗೆ ಫೋನ್ ಶುರುವಾಗುತ್ತೆ. ಯಾವ ಬ್ರ್ಯಾಂಡ್ ಒಳ್ಳೇದು ಮೇಡಂ? ನಾನು ತಿರುಗಿಸಿ ಕೇಳುತ್ತೇನೆ: ಯಾವ ಹೊತ್ತಿಗೆ?

ಯಾಕೆ ಅಂದ್ರೆ, ನಮ್ಮೂರಿನ ಬೇಸಿಗೆ ಇಡೀ ದಿನ ಒಂದೇ ತರ ಇರಲ್ಲ. ಏಪ್ರಿಲ್‌ನಲ್ಲಿ ಮಧ್ಯಾಹ್ನ 34 ಡಿಗ್ರಿ ಆಸುಪಾಸು ಇರುತ್ತೆ. 2016ರ ಏಪ್ರಿಲ್ 24ರಂದು 39.2ಕ್ಕೂ ಹೋಗಿತ್ತು. ಆದರೆ ಬೆಳಗಿನ ಜಾವ 22ಕ್ಕೆ ಇಳಿದು, ಕಾಲಿಗೊಂದು ಹೊದಿಕೆ ಬೇಕು ಅನ್ನಿಸುತ್ತೆ. ಒಂದೇ ಮನೆಯಲ್ಲಿ ದಿನಕ್ಕೆ ಎರಡು ಊರು ಅನ್ನಿ. ಹಗಲಿಗೆ ಕಾಟನ್ ಶರ್ಟ್, ರಾತ್ರಿಗೆ ಹೊದಿಕೆ ಅಂತ ನಾವು ಬದಲಾಯಿಸುತ್ತೇವೆ. ಡೈಪರ್ ಮಾತ್ರ ಎರಡಕ್ಕೂ ಒಂದೇ. ಅದೂ ಅತಿ ದಪ್ಪದ್ದು.

ಆ "12 ಗಂಟೆ" ಡೈಪರನ್ನು ಹಗಲು ಹಾಕುವುದು ನಿಲ್ಲಿಸಿ. ಎಸೆಯಬೇಡಿ, ರಾತ್ರಿಗೆ ಬೇಕಾಗುತ್ತೆ.

ದಪ್ಪ ಯಾಕೆ ಬೇಡ ಅಂತ ಹೇಳ್ತೀನಿ. ಡೈಪರ್ ಹೊಟ್ಟೆಯಲ್ಲಿ ಇರುವುದು ಎರಡೇ ಸಾಮಾನು. ಒಂದು, ಮರದ ತಿರುಳಿನಿಂದ ಮಾಡಿದ ಹತ್ತಿಯಂಥ ನಾರು. ಇನ್ನೊಂದು, ಸಕ್ಕರೆ ಹರಳಿನ ಹಾಗಿರುವ ಜೆಲ್ ಪುಡಿ, ಸೋಡಿಯಂ ಪಾಲಿಅಕ್ರಿಲೇಟ್. ಮೂತ್ರ ಬಿದ್ದರೆ ಈ ಪುಡಿ ಉಬ್ಬಿ ಜೆಲ್ ಆಗುತ್ತೆ, ಮತ್ತೆ ಬಿಡಲ್ಲ. ಹೆಚ್ಚು ಹೀರಬೇಕು ಅಂದರೆ ನಾರೂ ಹೆಚ್ಚು, ಪುಡಿಯೂ ಹೆಚ್ಚು. ಅಂದರೆ ಸೊಂಟಕ್ಕೆ ಸಣ್ಣದೊಂದು ರಜಾಯಿ ಕಟ್ಟಿದ ಹಾಗೆ. ಅದರ ಜೊತೆ ಮೈಬಿಸಿಗೆ ಕಾದ ಅರ್ಧ ಲೀಟರ್ ಮೂತ್ರವೂ ಅಲ್ಲೇ ಕೂತಿರುತ್ತೆ. ಪಾರ್ಕಿನ್ಸನ್ಸ್ ಇರುವ ಕೆಲವರಿಗೆ ಬೆವರೂ ಜಾಸ್ತಿ. ಮೇಲಿನಿಂದ ತಾರಸಿ ಕಾದಿರುತ್ತೆ. ಉರಿಯದೆ ಇನ್ನೇನಾಗುತ್ತೆ ಹೇಳಿ.

ಹೀರುವ ಲೆಕ್ಕದ ಬಗ್ಗೆ ಒಂದು ಮಾತು. ಪ್ಯಾಕ್ ಮೇಲೆ ಇಷ್ಟು ಮಿಲಿಲೀಟರ್ ಅಂತ ಬರೆದಿದ್ದರೆ ಅದು ಲ್ಯಾಬ್ ಲೆಕ್ಕ. ಅಲ್ಲಿ ಡೈಪರನ್ನು ದ್ರವದಲ್ಲಿ ಮುಳುಗಿಸಿ, ಸೋರಲು ಬಿಟ್ಟು, ತೂಕ ನೋಡುತ್ತಾರೆ. ಮನುಷ್ಯ ಅದರ ಮೇಲೆ ಕೂತಿರುತ್ತಾನೆ, ಮೂತ್ರ ಒಂದೇ ಜಾಗಕ್ಕೆ ರಭಸದಿಂದ ಬೀಳುತ್ತೆ ಅನ್ನುವುದು ಆ ಲೆಕ್ಕದಲ್ಲಿಲ್ಲ. ಆ ಅಂಕಿಯ ಅರ್ಧಕ್ಕಿಂತ ಜಾಸ್ತಿ ನಾನು ಯಾವತ್ತೂ ನಂಬಲ್ಲ. ಟಿವಿಯಲ್ಲಿ ನೀಲಿ ನೀರು ಸುರಿದು ತೋರಿಸುತ್ತಾರಲ್ಲ, ಅದನ್ನು ನೋಡಿಯೂ ಮರುಳಾಗಬೇಡಿ. ಈ ಜೆಲ್ ಪುಡಿ ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಕುಡಿಯುತ್ತೆ. ಉಪ್ಪು ನೀರಾದರೆ 30ರಿಂದ 50 ಪಟ್ಟಿಗೇ ಸುಸ್ತಾಗುತ್ತೆ. ಮೂತ್ರ ಉಪ್ಪು ನೀರೇ ತಾನೆ?

ಈಗ ನೀವು ಕೇಳಿದ "ಬ್ರೀದಬಲ್" ವಿಷಯ.

ಡೈಪರ್‌ನ ಎಲ್ಲಕ್ಕಿಂತ ಹೊರಗಿನ ಹಾಳೆ ಮೂರು ತರ ಬರುತ್ತೆ. ಒಂದು, ನೇರ ಪ್ಲಾಸ್ಟಿಕ್. ಹೊಳೆಯುತ್ತೆ, ಮುರುಟಿದರೆ ಚರಚರ ಸದ್ದು ಮಾಡುತ್ತೆ. ಸೋರುವುದು ಕಡಿಮೆ, ವಾಸನೆಯೂ ಕಡಿಮೆ. ಆದರೆ ಒಳಗಿನ ಹಬೆ ಒಳಗೇ. ಎರಡನೆಯದು ನಿಜವಾಗಿ ಗಾಳಿಯಾಡುವ ಹಾಳೆ. ಅದೂ ಪ್ಲಾಸ್ಟಿಕ್ಕೇ. ಆದರೆ ಅದಕ್ಕೆ ಸುಣ್ಣಕಲ್ಲಿನ ನುಣ್ಣನೆ ಪುಡಿ ಬೆರೆಸಿ ಎಳೆದಿರುತ್ತಾರೆ. ಎಳೆದಾಗ ಪ್ರತಿ ಕಣದ ಸುತ್ತ ಕಣ್ಣಿಗೆ ಕಾಣದ ಸಂದು ಬಿಡುತ್ತೆ. ಆ ಸಂದಿನಲ್ಲಿ ಹಬೆ ದಾಟುತ್ತೆ, ನೀರಿನ ಹನಿ ದಾಟಲ್ಲ. ಮೂರನೆಯದೇ ಮೋಸದ್ದು. ಮಾಮೂಲಿ ಪ್ಲಾಸ್ಟಿಕ್ ಮೇಲೆ ಬಟ್ಟೆಯಂಥ ತೆಳು ಪದರ ಅಂಟಿಸಿರುತ್ತಾರೆ. ಮುಟ್ಟಿದರೆ ಮೆತ್ತಗೆ, ಸದ್ದಿಲ್ಲ, ಪ್ಯಾಕ್ ಮೇಲೆ "ಬಟ್ಟೆಯಂತೆ ಮೃದು" ಅಂತ ಇರುತ್ತೆ. ಗಾಳಿ ಮಾತ್ರ ಆಡಲ್ಲ.

ಎರಡನೆಯದಕ್ಕೂ ಮೂರನೆಯದಕ್ಕೂ ಕೈಗೆ ವ್ಯತ್ಯಾಸ ಗೊತ್ತಾಗಲ್ಲ. ಅಡುಗೆಮನೆಯಲ್ಲಿ ಗೊತ್ತಾಗುತ್ತೆ. ಒಂದು ಡೈಪರ್ ಹಾಳಾದರೆ ಆಗಲಿ ಅಂತ ಅದರ ಹೊರ ಹಾಳೆ ಕತ್ತರಿಸಿಕೊಳ್ಳಿ. ಅಂಟಿರುವ ನಾರು, ಪುಡಿ ಎಲ್ಲ ಕೊಡವಿ ತೆಗೆಯಿರಿ. ಸ್ಟೀಲ್ ಲೋಟಕ್ಕೆ ಅರ್ಧದವರೆಗೆ ಕುದಿಯುವ ನೀರು ಹಾಕಿ. ಹಾಳೆಯನ್ನು ಬಾಯಿಗೆ ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ. ಅದರ ಮೇಲೆ ಒಣಗಿದ ಗಾಜಿನ ಲೋಟ ಬೋರಲು ಹಾಕಿ. ಎರಡು ನಿಮಿಷ ಬಿಟ್ಟು ನೋಡಿ. ಗಾಜಿನೊಳಗೆ ಮಂಜು ಕಟ್ಟಿದರೆ ಹಬೆ ದಾಟುತ್ತಿದೆ ಅಂತ. ಗಾಜು ಹಾಗೇ ಫಳಫಳ ಅಂತಿದ್ದರೆ ಅದು ಮಾಮೂಲಿ ಪ್ಲಾಸ್ಟಿಕ್ಕೇ. ನಾನು ಒಂದು ಭಾನುವಾರ ಮೂರು ಲೋಟ ಸಾಲಾಗಿ ಇಟ್ಟು ನೋಡಿದೆ. ಎಲ್ಲಕ್ಕಿಂತ ದುಬಾರಿ ಪ್ಯಾಕಿನದ್ದು ಗಾಜು ಒಣಗಿಯೇ ಇತ್ತು. ಮಧ್ಯದ ಬೆಲೆಯದ್ದರಲ್ಲಿ ಮಂಜು ಹನಿಯಾಗಿ ಇಳಿಯುತ್ತಿತ್ತು. ಕಾಫಿಗೆ ಕಾಯುತ್ತಿದ್ದ ಯಜಮಾನರು "ಆ ಲೋಟಗಳಲ್ಲಿ ನನಗೆ ಮಾತ್ರ ಕೊಡಬೇಡ" ಅಂದರು.

ಲೋಟ ಇಟ್ಟಾಗಲೇ ಇನ್ನೊಂದು ಪರೀಕ್ಷೆ ಮಾಡಿಬಿಡಿ. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು. ಇನ್ನೊಂದು ಡೈಪರ್ ಬಿಡಿಸಿಟ್ಟು ಮಧ್ಯಕ್ಕೆ ಒಂದೇ ಸಲ ಸುರಿಯಿರಿ. ಐದು ನಿಮಿಷ ಬಿಟ್ಟು, ಒಣ ಕರವಸ್ತ್ರ ಮಡಚಿ ಅದರ ಮೇಲಿಟ್ಟು, ಅಂಗೈ ಊರಿ ಒತ್ತಿ. ಕರವಸ್ತ್ರ ತೊಯ್ದರೆ ತಂದೆಯವರ ಚರ್ಮವೂ ತೊಯ್ದೇ ಇರುತ್ತೆ. ಹೊರಗೆ ಎಷ್ಟು ಗಾಳಿಯಾಡಿದರೂ ಮೈಗೆ ತಾಗುವ ಪದರ ಹಸಿ ಇದ್ದರೆ ಪ್ರಯೋಜನ ಇಲ್ಲ. ಎರಡರಲ್ಲಿ ಒಂದನ್ನೇ ನೋಡಲು ಪುರುಸೊತ್ತು ಅಂದರೆ ನಾನು ಈ ಕರವಸ್ತ್ರದ ಪರೀಕ್ಷೆಯನ್ನೇ ಆರಿಸುತ್ತೇನೆ.

ಗಾಳಿಯಾಡುವ ಹಾಳೆಗೂ ಒಂದು ಕಿರಿಕಿರಿ ಇದೆ, ಈಗಲೇ ಹೇಳಿಬಿಡ್ತೀನಿ. ಡೈಪರ್ ತುಂಬಾ ಒದ್ದೆಯಾದ ಮೇಲೆ ಹೊರಗಿನ ಪಂಚೆ, ಹಾಸಿಗೆ ಲೈಟಾಗಿ ತಣ್ಣಗೆ, ಹಸಿಹಸಿ ಅನ್ನಿಸುತ್ತೆ. ಸೋರಿದೆ ಅಂತ ಜನ ಗಾಬರಿಯಾಗಿ ಮತ್ತೆ ಪ್ಲಾಸ್ಟಿಕ್‌ಗೆ ಹೋಗುತ್ತಾರೆ. ಅದು ಸೋರಿದ್ದಲ್ಲ, ದಾಟಿದ ಹಬೆ. ಬದಲಾಯಿಸುವ ಹೊತ್ತು ಆಗಿದೆ ಅಂತ ಅರ್ಥ ಅಷ್ಟೇ. ವಾಸನೆಯೂ ಪ್ಲಾಸ್ಟಿಕ್‌ನದ್ದಕ್ಕಿಂತ ಸ್ವಲ್ಪ ಬೇಗ ಬರುತ್ತೆ.

ಇನ್ನು ಪಕ್ಕಗಳು. ಸೊಂಟದ ಎರಡೂ ಕಡೆ, ತೊಡೆ ಶುರುವಾಗುವಲ್ಲಿ ಜೆಲ್ ಇರಲ್ಲ. ಅಲ್ಲಿ ನೀರು ಹಿಡಿಯುವ ಕೆಲಸವೂ ಇಲ್ಲ. ಹಾಗಿದ್ದರೂ ಕೆಲವು ಡೈಪರ್‌ಗಳಲ್ಲಿ ಪ್ಲಾಸ್ಟಿಕ್ ಹಾಳೆ ಅಂಚಿನವರೆಗೂ ಬಂದಿರುತ್ತೆ. ಪಕ್ಕದ ರೆಕ್ಕೆಯನ್ನು ಎರಡು ಬೆರಳಲ್ಲಿ ಎಳೆದು ಬೆಳಕಿಗೆ ಹಿಡಿಯಿರಿ, ತುಟಿಗೆ ಇಟ್ಟು ಊದಿ. ಉಸಿರು ಆಚೆ ಹೋದರೆ ಬೇಸಿಗೆಗೆ ಆದೀತು. ನಿಮ್ಮ ತಂದೆಗೆ ಕೆಂಪಾಗಿರುವುದು ತೊಡೆಸಂದಿನಲ್ಲಿ ಅಂದಿರಲ್ಲ, ಅದಕ್ಕೇ ಈ ಜಾಗ ಮುಖ್ಯ.

ನಿಮ್ಮ ತಂದೆಯವರು ನಡೆಯುತ್ತಾರೆ. ಹಾಗಾಗಿ ಹಗಲಿಗೆ ಪ್ಯಾಂಟ್ ಟೈಪ್ ತನ್ನಿ, ಚಡ್ಡಿ ಹಾಗೆ ಕಾಲು ತೂರಿಸುವುದು. ಪಕ್ಕಗಳು ಬರೀ ತೆಳು ಎಲಾಸ್ಟಿಕ್ ಬಟ್ಟೆ, ಗಾಳಿ ಆಡುತ್ತೆ. ಹೀರುವುದು ಕಡಿಮೆ, ಹಾಗಾಗಿ ತೆಳ್ಳಗಿರುತ್ತೆ. ಬಾತ್‌ರೂಮ್‌ನಲ್ಲಿ ಕೆಳಗೆ ಎಳೆದು ಮತ್ತೆ ಮೇಲೆ ಏರಿಸಬಹುದು. ತೆಗೆಯುವಾಗ ಕಾಲಿನಿಂದ ಎಳೆಯಬೇಡಿ, ಎರಡೂ ಪಕ್ಕ ಹರಿದರೆ ಬಿಚ್ಚಿಕೊಳ್ಳುತ್ತೆ. ಎಷ್ಟೋ ಮನೆಗಳಲ್ಲಿ ಇದು ಗೊತ್ತಿಲ್ಲದೆ ಗಲೀಜನ್ನು ಕಾಲುದ್ದ ಎಳೆಯುತ್ತಾರೆ. ರಾತ್ರಿಗೆ ಟೇಪ್ ಟೈಪ್, ಪಕ್ಕದಲ್ಲಿ ಟೇಪ್ ಅಂಟಿಸುವುದು, ಅಂದರೆ ಈಗ ಮನೆಯಲ್ಲಿರುವ ದಪ್ಪದ್ದು. ಮಲಗಿದಲ್ಲೇ ಹಾಕಬಹುದು, ನಿದ್ದೆಯೂ ಕೆಡಲ್ಲ.

ಈಗ ನಿಮ್ಮ ಅಮ್ಮನ ಹಗಲು ಹೇಗಿರಬೇಕು ಅಂತ ಹೇಳ್ತೀನಿ. ಡೈಪರ್ ಆರಿಸುವುದಕ್ಕಿಂತ ಇದೇ ಜಾಸ್ತಿ ಕೆಲಸ ಮಾಡುತ್ತೆ.

ಬೆಳಗ್ಗೆ ಎದ್ದ ಕೂಡಲೇ ರಾತ್ರಿಯದ್ದು ತೆಗೆಯಿರಿ, ತೊಳೆಯಿರಿ, ಅರ್ಧ ಗಂಟೆ ಏನೂ ಹಾಕಬೇಡಿ. ತಿಂಡಿ ಆದ ಮೇಲೆ ಪ್ಯಾಂಟ್ ಟೈಪ್. ಅಲ್ಲಿಂದ ಎರಡು, ಎರಡೂವರೆ ಗಂಟೆಗೊಮ್ಮೆ ಅವರು ಕೇಳದಿದ್ದರೂ ಬಾತ್‌ರೂಮಿಗೆ ಕರೆದುಕೊಂಡು ಹೋಗಿ. "ಬಂದಿದೆಯಾ" ಅಂತ ಕೇಳಬೇಡಿ, "ಬನ್ನಿ ಹೋಗಿಬರೋಣ" ಅನ್ನಿ. ಪಾರ್ಕಿನ್ಸನ್ಸ್‌ನಲ್ಲಿ ಬಂದಿದ್ದು ಗೊತ್ತಾಗುವುದಕ್ಕೂ ಹೋಗಿಬಿಡುವುದಕ್ಕೂ ನಡುವೆ ಸಮಯವೇ ಇರಲ್ಲ. ಬಾತ್‌ರೂಮ್ ದೂರ ಅಂದರೆ ಮಂಚದ ಪಕ್ಕ ಕಮೋಡ್ ಚೇರ್, ಇಲ್ಲವೇ ಯೂರಿನ್ ಪಾಟ್. ಹೀಗೆ ಮಾಡಿದರೆ ಡೈಪರ್‌ಗೆ ಬೀಳುವ ಮೂತ್ರವೇ ಕಡಿಮೆಯಾಗುತ್ತೆ. ಅಷ್ಟಾದರೆ ತೆಳು ಡೈಪರೇ ಸಾಕಾಗುತ್ತೆ.

ಒಂದರಿಂದ ಮೂರೂವರೆವರೆಗೆ ಡೈಪರೇ ಬೇಡ. ಹೌದು, ಸರಿಯಾಗಿಯೇ ಓದಿದಿರಿ. ಊಟ ಆದ ಮೇಲೆ ಒಮ್ಮೆ ಬಾತ್‌ರೂಮಿಗೆ ಹೋಗಿಬಂದು ಮಲಗಲಿ. ಕೆಳಗೆ ಅಂಡರ್‌ಪ್ಯಾಡ್ (ಹಾಸಿಗೆ ನೆನೆಯದಂತೆ ಹಾಸುವ, ಒದ್ದೆ ಹೀರುವ ಪ್ಯಾಡ್), ಅದರ ಮೇಲೆ ಹಳೇ ಪಂಚೆ ಎರಡು ಮಡಿಕೆ, ಮೇಲೆ ಇನ್ನೊಂದು ತೆಳು ಪಂಚೆ. ಪಕ್ಕದಲ್ಲಿ ಪಾಟ್. ಫ್ಯಾನ್ ಗಾಳಿ ಕಾಲಿನ ಕಡೆಯಿಂದ ಬರಲಿ. ಒದ್ದೆಯಾದರೆ ಒಂದು ಅಂಡರ್‌ಪ್ಯಾಡ್, ಒಂದು ಪಂಚೆ ಹೋಯಿತು ಅಷ್ಟೇ. ನಿಮ್ಮ ತಂದೆ ಕಿತ್ತು ಹಾಕುವುದೂ ಇದೇ ಹೊತ್ತಿನಲ್ಲಲ್ವಾ? ಅವರೇ ಚಿಕಿತ್ಸೆ ಶುರು ಮಾಡಿಕೊಂಡಿದ್ದಾರೆ, ನಾವು ಒಂದು ಪ್ಯಾಡ್ ಹಾಸಿ ಕೊಡಬೇಕು.

ಸಂಜೆ ಮತ್ತೆ ಪ್ಯಾಂಟ್ ಟೈಪ್. ದಪ್ಪದ್ದನ್ನು ರಾತ್ರಿ ಹತ್ತರ ಹೊತ್ತಿಗೆ ಹಾಕಿ, ಎಂಟಕ್ಕೆ ಬೇಡ. ಮೇಲಿನ ಮಹಡಿಯ ಮನೆಯಲ್ಲಿ ಬಿಸಿಲು ಹೋದ ಮೇಲೂ ತಾರಸಿ ಕಾವು ಕೆಳಗೆ ಇಳಿಯುತ್ತಲೇ ಇರುತ್ತೆ.

ಹಾಸಿಗೆ ನೋಡಿ. ಬೆಡ್‌ಶೀಟ್ ಕೆಳಗೆ ರೆಕ್ಸಿನ್ ಹಾಸಿದ್ದೀರಾ? ಬಹಳ ಮನೆಗಳಲ್ಲಿ ಇರುತ್ತೆ. ಗಾಳಿಯಾಡುವ ಡೈಪರ್ ತಂದು ಅದನ್ನು ರೆಕ್ಸಿನ್ ಮೇಲೆ ಒತ್ತಿ ಮಲಗಿಸಿದರೆ ಆ ಸಣ್ಣ ಸಂದುಗಳಿಗೆಲ್ಲ ಬಾಗಿಲು ಹಾಕಿದಂತೆ. ರೆಕ್ಸಿನ್ ಬೇಕೇ ಬೇಕು ಅಂದರೆ ಸೊಂಟದ ಅಗಲಕ್ಕೆ ಮಾತ್ರ ಹಾಸಿ. ಅದರ ಮೇಲೆ ದಪ್ಪನೆ ಹತ್ತಿ ಟವೆಲ್ ಹಾಕಿ. ಡೈಪರ್ ಮೇಲೆ ನೈಲಾನ್ ಟ್ರ್ಯಾಕ್ ಪ್ಯಾಂಟ್ ಬೇಡ, ಬಿಗಿ ಚಡ್ಡಿಯಂತೂ ಬೇಡವೇ ಬೇಡ. ಪಂಚೆ, ಲುಂಗಿ, ಸಡಿಲ ಪೈಜಾಮ ಸಾಕು. ಒಂದರ ಮೇಲೆ ಒಂದು ಎರಡು ಡೈಪರ್ ಹಾಕುವವರೂ ಇದ್ದಾರೆ. ಒಳಗಿನದರ ಪ್ಲಾಸ್ಟಿಕ್ ದಾಟಿ ಹೊರಗಿನದಕ್ಕೆ ಹನಿಯೂ ಹೋಗಲ್ಲ. ಕಾವು ಎರಡರಷ್ಟು.

ಸೈಜ್ ವಿಷಯದಲ್ಲಿ ನಾನೇ ಮೂರ್ಖಳಾಗಿದ್ದೇನೆ. ನಮ್ಮ ಅತ್ತೆ ಬಿದ್ದು ಮಲಗಿದ್ದಾಗ ಎಕ್ಸ್‌ಎಲ್ ಕಾರ್ಟನ್ ಮೇಲೆ ಆಫರ್ ಇತ್ತು. ದೊಡ್ಡದಿದ್ದರೆ ಗಾಳಿಯಾಡುತ್ತೆ, ಕಡಿಮೆಗೂ ಸಿಗುತ್ತಿದೆ ಅಂತ ತಂದುಬಿಟ್ಟೆ. ಅತ್ತೆಗೆ ಬೇಕಿದ್ದದ್ದು ಮೀಡಿಯಂ. ಸೋರದಿರಲಿ ಅಂತ ಟೇಪ್ ಎಳೆದೆಳೆದು ಹಾಕಿದೆ. ಹೆಚ್ಚಾದ ಹಾಳೆಯೆಲ್ಲ ತೊಡೆಸಂದಿನಲ್ಲಿ ಮಡಿಕೆ ಮಡಿಕೆಯಾಗಿ ಕೂತಿತು. ನಾಲ್ಕನೇ ದಿನ ನೋಡಿದರೆ ಆ ಮಡಿಕೆಗಳ ಗೆರೆಯೇ ಚರ್ಮದ ಮೇಲೆ ಕೆಂಪಗೆ ಮೂಡಿತ್ತು, ಹಪ್ಪಳ ಸಂಡಿಗೆ ಒತ್ತಿನ ಹಾಗೆ. ಊರಿಗೆಲ್ಲ ಬುದ್ಧಿ ಹೇಳುವ ನರ್ಸ್ ಮನೆಯಲ್ಲಿ! ಅತ್ತೆ ಏನೂ ಅನ್ನಲಿಲ್ಲ. ನಾದಿನಿ ಅಂದಳು.

ಅದಕ್ಕೇ ಅಳತೆ ಟೇಪ್ ಹಿಡಿದು ಅಳೆಯಿರಿ. ಹೊಕ್ಕುಳ ಕೆಳಗೆ ಸೊಂಟದ ಸುತ್ತ ಒಂದು ಅಳತೆ, ಹಿಂಭಾಗ ಎಲ್ಲಿ ಅಗಲವೋ ಅಲ್ಲಿ ಇನ್ನೊಂದು. ಯಾವುದು ದೊಡ್ಡದೋ ಅದನ್ನು ಪ್ಯಾಕ್ ಮೇಲಿನ ಇಂಚಿಗೆ ಹೋಲಿಸಿ. ಒಂದು ಕಂಪನಿಯ ಲಾರ್ಜ್ ಇನ್ನೊಂದರ ಮೀಡಿಯಂ ಆಗಿರಬಹುದು, ಅಕ್ಷರ ನಂಬಬೇಡಿ. ಎರಡು ಸೈಜಿನ ಗಡಿಯಲ್ಲಿ ಬಂದರೆ ಎರಡರದ್ದೂ ಒಂದೊಂದು ಸಣ್ಣ ಪ್ಯಾಕ್ ತಂದು ನೋಡಿ. ಹಾಕಿದ ಮೇಲೆ ಸೊಂಟದ ಹತ್ತಿರ ಎರಡು ಬೆರಳು ಸಲೀಸಾಗಿ ಹೋಗಬೇಕು, ಮುಷ್ಟಿ ಹೋಗಬಾರದು.

ಹಾಕುವ ಕ್ರಮದಲ್ಲಿ ನಾಲ್ಕು ವಿಷಯ ನಿಮ್ಮ ಅಮ್ಮನಿಗೆ ತೋರಿಸಿಕೊಡಿ. ಹಾಕುವ ಮುಂಚೆ ಡೈಪರನ್ನು ಉದ್ದಕ್ಕೆ ಮಡಚಿ ದೋಣಿ ಆಕಾರಕ್ಕೆ ತನ್ನಿ. ಆಗ ಒಳಗಿನ ಎರಡು ತಡೆಗೋಡೆ ಎದ್ದು ನಿಲ್ಲುತ್ತೆ. ಹಾಕಿದ ಮೇಲೆ ತೊಡೆಯ ಸುತ್ತ ಬೆರಳು ಆಡಿಸಿ, ಒಳಗೆ ಮಡಚಿಕೊಂಡ ಅಂಚನ್ನು ಹೊರಗೆ ತೆಗೆಯಿರಿ. ಗಂಡಸರಿಗೆ ಅಂಗ ಕೆಳಮುಖವಾಗಿರಬೇಕು, ಇಲ್ಲದಿದ್ದರೆ ಎಷ್ಟು ದುಬಾರಿ ಡೈಪರ್ ಆದರೂ ಹೊಟ್ಟೆ ಕಡೆಯಿಂದ ಸೋರುತ್ತೆ. ಟೇಪ್ ಟೈಪ್ ಆದರೆ ಕೆಳಗಿನ ಟೇಪ್ ಮೊದಲು, ಸ್ವಲ್ಪ ಮೇಲ್ಮುಖವಾಗಿ. ಮೇಲಿನದು ಆಮೇಲೆ, ಕೆಳಮುಖವಾಗಿ. ಆ ಅಂಗದ ಮಾತನ್ನು ಮನೆಯವರಿಗೆ ಹೇಳುವಾಗ ಎಲ್ಲರೂ ಗೋಡೆ ನೋಡುತ್ತಾರೆ. ನೋಡಲಿ, ಹೇಳುವುದನ್ನು ಹೇಳಲೇಬೇಕು.

ಈಗ ಆ ಕೆಂಪು. ನೋಡದೆ ಹೆಸರಿಡಲು ನನಗಾಗಲ್ಲ, ಆದರೆ ನೀವು ನೋಡಬೇಕಾದ್ದು ಹೇಳ್ತೀನಿ. ಬರೀ ಸಣ್ಣ ಸಣ್ಣ ಗುಳ್ಳೆ, ಚುಚ್ಚುವ ಹಾಗೆ ಆಗುತ್ತೆ ಅಂದರೆ ಬೆವರುಸಾಲೆ ಇರಬಹುದು. ಗಾಳಿ ಬಿಟ್ಟರೆ ಇಳಿಯುತ್ತೆ. ತೊಡೆಸಂದಿನ ಮಡಿಕೆ ಒಳಗೆ ಗಾಢ ಕೆಂಪು, ಅಂಚಿನಾಚೆ ಚುಕ್ಕೆ ಚುಕ್ಕೆಯಾಗಿ ಹರಡಿದೆ, ವಿಪರೀತ ತುರಿಕೆ ಅಂದರೆ ಫಂಗಸ್ ಇರುವ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಪದೇ ಪದೇ ಬರುತ್ತೆ. ಚರ್ಮದ ಡಾಕ್ಟರಿಗೆ ತೋರಿಸಿ, ಜೊತೆಗೆ ಶುಗರ್ ಟೆಸ್ಟ್ ಮಾಡಿಸಿ. ಮೆಡಿಕಲ್ ಶಾಪಿನಲ್ಲಿ "ಎಲ್ಲದಕ್ಕೂ ಆಗುತ್ತೆ" ಅಂತ ಒಂದು ಟ್ಯೂಬ್ ಕೊಡುತ್ತಾರಲ್ಲ, ಅದು ಮಾತ್ರ ಬೇಡ. ಅಂಥ ಎಷ್ಟೋ ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತೆ. ಎರಡು ದಿನಕ್ಕೆ ಉರಿ ಮಾಯ, ಎರಡು ವಾರಕ್ಕೆ ಚರ್ಮ ತೆಳ್ಳಗಾಗಿ ಫಂಗಸ್ ಮೊದಲಿಗಿಂತ ಜೋರು. ಚರ್ಮ ಕಿತ್ತಿದ್ದರೆ, ನೀರು ಒಸರುತ್ತಿದ್ದರೆ, ಬಾಲಮೂಳೆ ಹತ್ತಿರದ ಕೆಂಪು ಬೆರಳಿಂದ ಒತ್ತಿದರೂ ಬೆಳ್ಳಗಾಗದಿದ್ದರೆ ಒಂದು ದಿನವೂ ಕಾಯಬೇಡಿ. ಕೊನೆಯದು ಹಾಸಿಗೆ ಹುಣ್ಣಿನ ಶುರು.

ತೊಳೆಯುವಾಗ ಡೆಟಾಲ್ ಬೇಡ. ಸೋಪು ದಿನಕ್ಕೊಂದು ಸಲ ಸಾಕು. ನಮ್ಮ ಚರ್ಮ ಸ್ವಲ್ಪ ಹುಳಿ ಗುಣದ್ದು, ಪಿಎಚ್ ಲೆಕ್ಕದಲ್ಲಿ 5ರ ಆಸುಪಾಸು. ಮಾಮೂಲಿ ಸೋಪು 9-10ರದ್ದು, ಅಂದರೆ ಹುಳಿಗೆ ವಿರುದ್ಧವಾದ ಕ್ಷಾರ ಗುಣದ್ದು. ಮೂತ್ರವೂ ಹೊತ್ತು ಕಳೆದಂತೆ ಅಮೋನಿಯಾ ಆಗಿ ಅದೇ ಕಡೆ ಎಳೆಯುತ್ತೆ. ಚರ್ಮ ಎರಡು ಕಡೆಯಿಂದಲೂ ಏಟು ತಿನ್ನುತ್ತೆ. ಜೊತೆಗೆ ಮಲವೂ ಸೇರಿದರೆ ಇನ್ನೂ ಬೇಗ ಸುಡುತ್ತೆ, ಅದಕ್ಕೇ ಮೂತ್ರಕ್ಕೆ ಸ್ವಲ್ಪ ಕಾಯಬಹುದು, ಮಲಕ್ಕೆ ಕಾಯಬಾರದು. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್ ಒಣಗಿ ಟ್ಯಾಂಕರ್‌ಗೆ ಕಾಯುತ್ತಿದ್ದಾಗ ಒಂದು ಮಗ್ ನೀರು, ಎರಡು ಮೆತ್ತನೆ ಬಟ್ಟೆಯಲ್ಲೇ ನಾವು ಚೊಕ್ಕಟವಾಗಿ ಮುಗಿಸಿದ್ದೇವೆ. ಉಜ್ಜಬೇಡಿ, ಒತ್ತಿ ಒರೆಸಿ. ಆಮೇಲೆ ಫ್ಯಾನ್ ಗಾಳಿಗೆ ಹತ್ತು ನಿಮಿಷ.

ಪೌಡರ್ ಹಾಕುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಬೆವರಿಗೆ ಸೇರಿ ಅದು ಮಡಿಕೆಯಲ್ಲಿ ಹಿಟ್ಟಿನ ಉಂಡೆಯಾಗುತ್ತೆ. ಜಿಂಕ್ ಆಕ್ಸೈಡ್ ಕ್ರೀಮ್ ಒಳ್ಳೇದೇ, ಆದರೆ ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿಯಬೇಡಿ. ದಪ್ಪ ಕ್ರೀಮ್ ಡೈಪರ್‌ನ ಮೇಲ್ಪದರಕ್ಕೆ ಅಂಟಿ ಅದು ಹೀರುವುದನ್ನೇ ನಿಲ್ಲಿಸುತ್ತೆ. ಕೊಬ್ಬರಿ ಎಣ್ಣೆಗೂ ಇದೇ ಮಾತು. ಎಣ್ಣೆ ಬಗ್ಗೆ ನಮ್ಮಮ್ಮನ ಜೊತೆ ವಾದ ಮಾಡಿ ನಾನು ಯಾವತ್ತೂ ಗೆದ್ದಿಲ್ಲ, ನಿಮ್ಮಮ್ಮನ ಜೊತೆ ನೀವು ನೋಡಿಕೊಳ್ಳಿ.

ನೀರು ಕುಡಿಸುವುದನ್ನು ಕಡಿಮೆ ಮಾಡಿದ್ದೀರಾ? ನೀವು ಬರೆದಿಲ್ಲ, ಆದರೆ ಹತ್ತರಲ್ಲಿ ಆರು ಮನೆಯಲ್ಲಿ ಮಾಡಿರುತ್ತಾರೆ ಅಂತ ನನ್ನ ಅನುಭವ. ಡೈಪರ್ ಉಳಿಯಲಿ ಅಂತ. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಚರ್ಮವನ್ನೂ ಮೂತ್ರಚೀಲವನ್ನೂ ಕೆರಳಿಸುತ್ತೆ, ಇನ್ನೂ ಅವಸರ ಆಗುತ್ತೆ. ಮಲಬದ್ಧತೆಯೂ ಆಗುತ್ತೆ. ಪಾರ್ಕಿನ್ಸನ್ಸ್‌ನಲ್ಲಿ ಅದು ಮೊದಲೇ ಇರುತ್ತೆ, ತುಂಬಿದ ಕರುಳು ಮೂತ್ರಚೀಲವನ್ನು ಒತ್ತುತ್ತೆ. ಹಾಗಾಗಿ ಬೆಳಗ್ಗೆಯಿಂದ ಸಂಜೆ ಐದಾರರವರೆಗೆ ಧಾರಾಳ ಕೊಡಿ. ನೀರು, ನೀರು ಮಜ್ಜಿಗೆ, ರಾಮನವಮಿ ಹೊತ್ತಿಗಂತೂ ಪಾನಕ, ಕೋಸಂಬರಿ. ಶುಗರ್ ಇದ್ದರೆ ಪಾನಕ ಬಿಡಿ. ಆಮೇಲೆ ಸ್ವಲ್ಪ ಸ್ವಲ್ಪ. ಕಾಫಿ ಬಿಡಿಸಿ ಅಂತ ಹನುಮಂತನಗರದವರಿಗೆ ಹೇಳುವ ಧೈರ್ಯ ನನಗಿಲ್ಲ. ಬೆಳಗ್ಗೆ ಒಂದು ಇರಲಿ, ಸಂಜೆಯದ್ದು ನಾಲ್ಕಕ್ಕೇ ಮುಗಿಯಲಿ. ಹೃದಯ, ಕಿಡ್ನಿ ತೊಂದರೆಗೆ ಡಾಕ್ಟರ್ ನೀರಿನ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಡಾಕ್ಟರ್ ಹತ್ತಿರ ಹೋದಾಗ ಮೂತ್ರದ ವಿಷಯವನ್ನೂ ತೆಗೆಯಿರಿ. ವಯಸ್ಸು, ಪಾರ್ಕಿನ್ಸನ್ಸ್ ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ. ಈ ವಯಸ್ಸಿನಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರಬಹುದು, ಇನ್ಫೆಕ್ಷನ್ ಇರಬಹುದು, ಎರಡಕ್ಕೂ ಔಷಧಿ ಇದೆ. ಅವಸರ ತಡೆಯುವ ಮಾತ್ರೆಗಳೂ ಇವೆ. ಆದರೆ ಅವುಗಳಲ್ಲಿ ಕೆಲವು ಬೆವರನ್ನೇ ಕಡಿಮೆ ಮಾಡುತ್ತೆ, ವಯಸ್ಸಾದವರಿಗೆ ಗೊಂದಲ ತರುತ್ತೆ. ಯಾರದ್ದೋ ಚೀಟಿ ನೋಡಿ ತರಬೇಡಿ, ಅವರ ನರರೋಗದ ಡಾಕ್ಟರೇ ಬರೆಯಲಿ. ಜ್ವರ, ಚಳಿ, ಇದ್ದಕ್ಕಿದ್ದ ಹಾಗೆ ತಲೆ ಕೆಟ್ಟಂತೆ ಮಾತು, ಮೂತ್ರದಲ್ಲಿ ರಕ್ತ, ಇಲ್ಲ ಮೂತ್ರವೇ ನಿಂತಿದೆ ಅಂದರೆ ಅದೇ ದಿನ ಹೋಗಿ.

ರಾತ್ರಿಗೆ ಕಾಂಡೋಮ್ ಕ್ಯಾತಿಟರ್ ಹಾಕಬಹುದಾ ಅಂತ ಕೆಲವರು ಕೇಳುತ್ತಾರೆ. ಹೊರಗಿನಿಂದ ಹಾಕಿ ಚೀಲಕ್ಕೆ ಜೋಡಿಸುವಂಥದ್ದು. ಕೆಲವರಿಗೆ ಬೇಸಿಗೆಯಲ್ಲಿ ಇದೇ ಹಿತ. ಆದರೆ ಅಳತೆ ನೋಡಿ ಮೊದಲ ಸಲ ನರ್ಸ್ ಹಾಕಿ ಕಲಿಸಬೇಕು. ಕಿತ್ತು ಹಾಕುವ ಅಭ್ಯಾಸ ಇರುವ ನಿಮ್ಮ ತಂದೆಗೆ ನಾನಂತೂ ಹೇಳಲ್ಲ. ಎಳೆದರೆ ಗಾಯವಾಗುತ್ತೆ.

ಖರ್ಚು. ತೆಳು ಡೈಪರ್ ಜಾಸ್ತಿ ಬೇಕಾಗುತ್ತಲ್ಲ ಅಂತ ನಿಮಗೆ ಅನ್ನಿಸಿರಬೇಕು. ಒಂದಕ್ಕೆ ಎಷ್ಟು ಅಂತ ನೋಡಬೇಡಿ, ದಿನಕ್ಕೆ ಎಷ್ಟು ಅಂತ ಬರೆದಿಡಿ. ಮಧ್ಯಾಹ್ನದ ಎರಡೂವರೆ ಗಂಟೆ ಉಳಿಯಿತು, ಪಾಟ್‌ಗೆ ಹೋದದ್ದೂ ಉಳಿಯಿತು. ಬಹಳ ಮನೆಗಳಲ್ಲಿ ಲೆಕ್ಕ ಸರಿಸಮಕ್ಕೆ ಬಂದು ನಿಲ್ಲುತ್ತೆ. 2025ರ ಸೆಪ್ಟೆಂಬರ್ 22ರಿಂದ ಡೈಪರ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ, ಹಳೇ ದರದ ಪ್ಯಾಕ್ ಕೊಟ್ಟರೆ ಕೇಳಿ. ಜನೌಷಧಿ ಕೇಂದ್ರದಲ್ಲೂ ಒಮ್ಮೆ ವಿಚಾರಿಸಿ. ಯಾವುದೇ ಆಗಲಿ ಮೊದಲು ಸಣ್ಣ ಪ್ಯಾಕ್. ಕಾರ್ಟನ್ ಕಥೆ ಆಗಲೇ ಹೇಳಿದೆನಲ್ಲ. ನಾನು ಬ್ರ್ಯಾಂಡ್ ಹೆಸರು ಹೇಳದಿರುವುದಕ್ಕೂ ಕಾರಣ ಇದೆ. ಒಂದೇ ಕಂಪನಿ ಪ್ಲಾಸ್ಟಿಕ್ ಹಾಳೆಯದ್ದನ್ನೂ ಮಾಡುತ್ತೆ, ಗಾಳಿಯಾಡುವುದನ್ನೂ ಮಾಡುತ್ತೆ. ಹೆಸರು ಹಿಡಿದು ಹೋದರೆ ಅಂಗಡಿಯವರು ಎದುರಿಗೆ ಯಾವುದಿದೆಯೋ ಅದನ್ನೇ ಕೊಡುತ್ತಾರೆ.

ತಂದ ಮೇಲೆ ಎರಡು ಮೂರು ತರದ್ದನ್ನು ತಂದೆಯವರ ಕೈಗೇ ಕೊಡಿ. ಬಸವನಗುಡಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು, ಒಂದೊಂದನ್ನೂ ಕಿವಿ ಹತ್ತಿರ ಹಿಡಿದು ಮುರುಟಿ ನೋಡಿದರು. "ಇದು ಸದ್ದು ಮಾಡುತ್ತಮ್ಮ, ಇದನ್ನು ಹಾಕಿಕೊಂಡು ಲೈಬ್ರರಿಗೆ ಹೋಗೋಕಾಗಲ್ಲ" ಅಂದರು. ಅಲ್ಲಿಯವರೆಗೆ ಅವರು ಡೈಪರ್ ಬೇಡ ಅನ್ನುತ್ತಿದ್ದಾರೆ ಅಂತಲೇ ಮನೆಯವರು ಅಂದುಕೊಂಡಿದ್ದರು.

ದಿನಕ್ಕೆ ನಾಲ್ಕೈದು ಬಳಸಿದರೆ ಕಸವೂ ಜಾಸ್ತಿಯಾಗುತ್ತೆ. ಮಲ ಇದ್ದರೆ ಕಮೋಡ್‌ಗೆ ಹಾಕಿ ಫ್ಲಶ್ ಮಾಡಿ, ಡೈಪರ್ ಮಾತ್ರ ಫ್ಲಶ್ ಮಾಡಬೇಡಿ. ಒಳಮುಖ ಸುತ್ತಿ, ಅದರದ್ದೇ ಟೇಪ್ ಅಂಟಿಸಿ, ಪೇಪರ್‌ನಲ್ಲಿ ಕಟ್ಟಿ, ಮೇಲೆ ಕೆಂಪು ಪೆನ್ನಲ್ಲಿ ದೊಡ್ಡದಾಗಿ ಗುರುತು ಹಾಕಿ. ಹಸಿ ಕಸದ ಹಸಿರು ಬುಟ್ಟಿಗಲ್ಲ, ಕೆಂಪು ಬುಟ್ಟಿಗೆ. ಬೇಸಿಗೆಯಲ್ಲಿ ಒಂದು ದಿನ ಬಿಟ್ಟರೂ ವಾಸನೆ ತಡೆಯಲಾಗಲ್ಲ, ದಿನವೂ ಗಾಡಿಗೆ ಕೊಡಿ. ಬೆಳಗ್ಗೆ ಗಾಡಿ ಬಂದಾಗ ಕೈಗೆ ಕೊಟ್ಟು, ಇದು ಡೈಪರ್ ಅಂತ ಬಾಯಿಬಿಟ್ಟು ಹೇಳಿ. ಪೌರಕಾರ್ಮಿಕರು ಆ ಪೊಟ್ಟಣವನ್ನು ಬಿಚ್ಚಿ ನೋಡುವ ಹಾಗಾಗಬಾರದು.